ಕೊರವ ಮೀನಿನ ಮೇವು: ಅಗ್ಗದ ಲೆಕ್ಕ ತಪ್ಪುವುದೆಲ್ಲಿ?

ಕೊರವ, ಅಂದರೆ ಮುರೆಲ್ ಎಂಬ ಮಾಂಸಾಹಾರಿ ಮೀನು, ಸಾಕುವವರು ಮೇವಿನ ಚೀಲದ ಮೇಲೆ ಮೊದಲು ಹುಡುಕುವುದು ಪ್ರೋಟೀನ್ ಅಂಕಿಯನ್ನು. ಶೇ. 40 ಇದ್ದರೆ ಸಮಾಧಾನ. ಆ 40 ಮೀನಿನ ಪುಡಿಯಿಂದ ಬಂತೋ ಹಿಂಡಿಯಿಂದ ಬಂತೋ ಎಂದು ಕೇಳುವವರು ಕಡಿಮೆ. ಸೋಯಾ ಹಿಂಡಿಯಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಮೀನಿನ ಪುಡಿಯಲ್ಲಿರುವ ಟಾರಿನ್ ಎಂಬ ಪೋಷಕ ಇಲ್ಲವೇ ಇಲ್ಲ, ರಂಜಕದ ಬಹುಪಾಲು ಮೀನಿಗೆ ದಕ್ಕದ ಫೈಟೇಟ್ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ. ಮೇಲಾಗಿ ಕೊರವಕ್ಕೆ ಅದರ ರುಚಿ ಹಿಡಿಸದು.

ಹಾಗೆಂದು ಸಣ್ಣ ಮೀನನ್ನೇ ಕತ್ತರಿಸಿ ಹಾಕುವುದೂ ದಾರಿಯಲ್ಲ. ಕಾಂಬೋಡಿಯಾ 2004ರಲ್ಲಿ ಕೊರವ ಸಾಕಣೆಯನ್ನೇ ನಿಷೇಧಿಸಿದ್ದು ಈ ಕಾರಣಕ್ಕೆ: ಮರಿಗೂ ಮೇವಿಗೂ ಹೊಳೆಯ ಮೀನನ್ನೇ ಬಾಚುತ್ತಿದ್ದರು. ನಿಷೇಧ ತೆರವಾದದ್ದು 2016ರಲ್ಲಿ. ನಮ್ಮಲ್ಲಿ ಹಸಿ ಕೋಳಿ ಕರುಳು ಸುರಿಯುವವರಿದ್ದಾರೆ. ನೀರು ಕೊಳೆಯುತ್ತದೆ, ಮೀನಿನ ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ.

ಮೀನಿನ ಪುಡಿಯನ್ನು ಪೂರ್ತಿ ಬಿಡದೆ ಮೇವಿನ ಕಾಲು ಭಾಗಕ್ಕೆ ಇಳಿಸುವುದು ಸದ್ಯಕ್ಕೆ ಸುರಕ್ಷಿತ. 10 ಕೆ.ಜಿ. ಮೇವಿಗೆ ಮೀನಿನ ಪುಡಿ 2.5 ಕೆ.ಜಿ., ಎಣ್ಣೆ ತೆಗೆದ ಬ್ಲ್ಯಾಕ್ ಸೋಲ್ಜರ್ ನೊಣದ ಹುಳುವಿನ ಪುಡಿ 1.5, ಸೋಯಾ ಹಿಂಡಿ 3.5, ಗೋಧಿ ಹಿಟ್ಟು 1.7 ಕೆ.ಜಿ.; ಜೊತೆಗೆ ಮೀನೆಣ್ಣೆ 400 ಗ್ರಾಂ, ವಿಟಮಿನ್-ಖನಿಜ ಮಿಶ್ರಣ 200, ರಂಜಕಕ್ಕಾಗಿ ಮೊನೊಕ್ಯಾಲ್ಸಿಯಂ ಫಾಸ್ಫೇಟ್ 150, ಮೆಥಿಯೋನಿನ್ 50 ಗ್ರಾಂ. ಪ್ರೋಟೀನ್ ಸುಮಾರು ಶೇ. 40 ಬರುತ್ತದೆ. ಹುಳುವಿನ ಎಣ್ಣೆ ತೆಗೆಯದಿದ್ದರೆ ಪುಡಿ ಗಿರಣಿಯ ಜಾಲರಿಗೆ ಅಂಟುತ್ತದೆ, ಬೇಗ ಕಮಟುತ್ತದೆ. ಸೋಯಾ ಕಾಳನ್ನೇ ತಂದಿದ್ದರೆ ಹುರಿಯದೆ ಬಳಸಬೇಡಿ. ಅದರಲ್ಲಿನ ಟ್ರಿಪ್ಸಿನ್ ತಡೆಕಾರಕ ಜೀರ್ಣವನ್ನೇ ಕೆಡಿಸುತ್ತದೆ. ಸೋಯಾ ಬದಲು ಕಡಲೆಕಾಯಿ ಹಿಂಡಿ ಹಾಕುವವರು ಬೂಸಲಿನ ವಾಸನೆಯಿದ್ದರೆ ಮುಟ್ಟಬಾರದು, ಬೂಸಲಿನಿಂದ ಬರುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ. ವಾಸನೆ ಇಲ್ಲವೆಂದ ಮಾತ್ರಕ್ಕೆ ಧೈರ್ಯವೂ ಬೇಡ.

ಗೋಧಿ ಹಿಟ್ಟನ್ನು ಗಂಜಿಯಂತೆ ಬೇಯಿಸಿ ಕಲಸಿದರೆ ಗುಳಿಗೆ ನೀರಲ್ಲಿ ಬೇಗ ಒಡೆಯುವುದಿಲ್ಲ. ನೆರಳಲ್ಲಿ, ಟಕ್ಕನೆ ಮುರಿಯುವಷ್ಟು ಒಣಗಿಸಿ. ಮೀನೆಣ್ಣೆ ಸವರುವುದು ಆಮೇಲೆ. ಗುಳಿಗೆಯನ್ನು ಉಬ್ಬಿಸಿ ತೇಲುವಂತೆ ಮಾಡುವ ಎಕ್ಸ್‌ಟ್ರೂಡರ್ ಯಂತ್ರ ಇಲ್ಲದೆ ಮಾಡಿದ ಗುಳಿಗೆ ಮುಳುಗುತ್ತದೆ, ಹಾಗಾಗಿ ತಟ್ಟೆ ಇಳಿಬಿಟ್ಟು ಕೊಡಿ. ಅರ್ಧ ಗಂಟೆಯ ನಂತರ ಉಳಿದದ್ದು ಕಂಡರೆ ಮರುದಿನ ಕಡಿಮೆ ಮಾಡಿ.

ದೊಡ್ಡ ಮೀನಿಗೆ ಒಮ್ಮೆಲೇ ಗುಳಿಗೆ ಒಗ್ಗಿಸುವುದು ಕಷ್ಟ. ಮರಿಗೆ ಮೂರನೇ ವಾರದಿಂದಲೇ ಅರೆದ ಮೀನಿನಲ್ಲಿ ಈ ಮೇವಿನ ಪುಡಿ ಬೆರೆಸುತ್ತ, ದಿನಕ್ಕೆ ಶೇ. 10ರಂತೆ ಏರಿಸಬೇಕು. ಅವಸರ ಮಾಡಿದರೆ ಹಸಿದ ಮರಿ ಪಕ್ಕದ ಮರಿಯನ್ನೇ ನುಂಗುತ್ತದೆ. ವಾರಕ್ಕೊಮ್ಮೆ ಗಾತ್ರ ನೋಡಿ ಬೇರ್ಪಡಿಸುವುದು ತಪ್ಪಬಾರದು.

ಇನ್ನು ಬೆಲೆ. ಕೆ.ಜಿ.ಗೆ 60 ರೂಪಾಯಿಯ ಮೇವು 2.2 ಕೆ.ಜಿ. ತಿಂದು ಮೀನು ಒಂದು ಕೆ.ಜಿ. ಬೆಳೆದರೆ ಖರ್ಚು 132 ರೂಪಾಯಿ. 80 ರೂಪಾಯಿಯದು 1.5 ಕೆ.ಜಿ.ಗೇ ಸಾಕಾದರೆ 120. ಇದು ಲೆಕ್ಕ ತೋರಿಸಲು ಹಿಡಿದ ದರ. ನಿಮ್ಮ ಕೊಳದ್ದನ್ನು ನೀವೇ ತೂಗಿ ಬರೆದಿಡಿ.