ಬೇಲಿಯ ಖರ್ಚು ಯಾರ ಲೆಕ್ಕಕ್ಕೆ?

2025ರಲ್ಲಿ ಮಹಾಲಯ ಅಮಾವಾಸ್ಯೆ ಭಾನುವಾರ ಬಂದಿತ್ತು. ಅವತ್ತು ಬೆಳಿಗ್ಗೆ 9 ಗಂಟೆ 31 ನಿಮಿಷಕ್ಕೆ, ಅಂದರೆ ವಾಷಿಂಗ್ಟನ್ನಿನಲ್ಲಿ ರಾತ್ರಿ 12.01ಕ್ಕೆ, ಅಧ್ಯಕ್ಷ ಟ್ರಂಪ್ ಅವರ ಹೊಸ ಆದೇಶವೊಂದು ಜಾರಿಯಾಗುವುದಿತ್ತು. ಹೊರದೇಶದ ಪರಿಣತರು ಅಲ್ಲಿ ಕೆಲಸ ಮಾಡಲು ಬೇಕಾದ ಎಚ್1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್. ಅಷ್ಟರೊಳಗೆ ವಾಪಸ್ ಬಂದುಬಿಡಿ ಎಂದು ದೊಡ್ಡ ದೊಡ್ಡ ಕಂಪನಿಗಳು ತಮ್ಮವರಿಗೆ ಮೇಲ್ ಕಳಿಸಿದವು. ದಸರೆಗೆಂದು ಊರಿಗೆ ಬಂದವರು ಹಬ್ಬ ಶುರುವಾಗುವ ಮೊದಲೇ ಸೂಟ್‌ಕೇಸ್ ಕಟ್ಟಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಹತ್ತಿ ಕೂತವರು ಎದ್ದು ಕೆಳಗಿಳಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ, ವೀಸಾ ಇರುವವರಿಗೆ ಅಲ್ಲ ಎಂಬ ಸ್ಪಷ್ಟನೆ ಬರುವಷ್ಟರಲ್ಲಿ ಎಷ್ಟೋ ಜನರ ಟಿಕೆಟ್ ದುಡ್ಡು ಹೋಗಿತ್ತು.

ಆಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಅಮೆರಿಕದವರ ಸಿಟ್ಟು ಗಡಿ ದಾಟಿ ಕದ್ದು ಬರುವವರ ಮೇಲೆ ಅಲ್ವಾ? ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಸಾಲಿನಲ್ಲಿ ನಿಂತು ಹೋಗುವವರಿಗೆ ಯಾಕೆ ಈ ಬಿಲ್ಲು? ಉತ್ತರ ಸಿಗಬೇಕಾದರೆ ವಲಸೆಯ ಜಗಳವೂ ದೇಶದ ಭದ್ರತೆಯ ದುಡ್ಡಿನ ಜಗಳವೂ ಒಂದಕ್ಕೊಂದು ಹೇಗೆ ಗಂಟು ಬಿದ್ದವು ಎಂದು ನೋಡಬೇಕು.

ಒಂದು ಕಚೇರಿಯ ವಿಳಾಸದಲ್ಲೇ ಅರ್ಧ ಕಥೆ ಇದೆ. ಅಮೆರಿಕದಲ್ಲಿ ವಲಸೆ ನೋಡಿಕೊಳ್ಳುವ ಕಚೇರಿ 1940ರವರೆಗೆ ಕಾರ್ಮಿಕ ಇಲಾಖೆಯಲ್ಲಿತ್ತು. ಬರುವವನು ಕೆಲಸಗಾರ ಎಂಬ ಲೆಕ್ಕ. ಮಹಾಯುದ್ಧದ ಹೊತ್ತಿಗೆ ಅದು ನ್ಯಾಯ ಇಲಾಖೆಗೆ ಹೋಯಿತು. 1965ರಲ್ಲಿ ದೇಶವಾರು ಹಳೆಯ ಕೋಟಾ ತೆಗೆದದ್ದು, 1986ರಲ್ಲಿ ದಾಖಲೆ ಇಲ್ಲದ ಸುಮಾರು 27 ಲಕ್ಷ ಜನರನ್ನು ಸಕ್ರಮ ಮಾಡಿದ್ದು, 1990ರಲ್ಲಿ ಎಚ್1ಬಿ ತಂದದ್ದು, ಎಲ್ಲ ಆ ವಿಳಾಸದಲ್ಲೇ.

ಆಮೇಲೆ 2001ರ ಸೆಪ್ಟೆಂಬರ್ 11. ಅದಾಗಿ ಸರಿಯಾಗಿ ಆರು ತಿಂಗಳಿಗೆ, ಫ್ಲಾರಿಡಾದ ವೆನಿಸ್ ಊರಿನ ವಿಮಾನ ತರಬೇತಿ ಶಾಲೆಗೆ ಅಂಚೆಯಲ್ಲಿ ಕಾಗದ ಬಂತು: ನಿಮ್ಮ ಈ ಇಬ್ಬರು ವಿದ್ಯಾರ್ಥಿಗಳ ವೀಸಾ ಮಂಜೂರಾಗಿದೆ. ಆ ಇಬ್ಬರೂ ಅವಳಿ ಕಟ್ಟಡಗಳಿಗೆ ವಿಮಾನ ನುಗ್ಗಿಸಿ ಸತ್ತವರು. ಸತ್ತ ಹಂತಕರಿಗೆ ಸರ್ಕಾರವೇ ಕಾಗದ ಕಳಿಸಿದ ಮೇಲೆ ಆ ಕಚೇರಿ ಉಳಿಯುವ ಮಾತೇ ಇರಲಿಲ್ಲ. 2003ರ ಮಾರ್ಚ್ 1ರಂದು ಅದು ಮುಚ್ಚಿತು. 22 ಕಚೇರಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಆಂತರಿಕ ಭದ್ರತಾ ಇಲಾಖೆಯೊಳಗೆ ಅದರ ಕೆಲಸ ಮೂರು ಪಾಲಾಯಿತು: ಅರ್ಜಿ ನೋಡುವವರು, ಗಡಿ ಕಾಯುವವರು, ಒಳಗೆ ಹುಡುಕಿ ಹಿಡಿಯುವವರು. ಅಲ್ಲಿಗೆ, ಮದುವೆಯಾಗಿ ಗಂಡನ ಹಿಂದೆ ಹೊರಟ ಶಿವಮೊಗ್ಗದ ಹುಡುಗಿಯ ಕಡತವೂ ಭದ್ರತೆಯ ಕಡತವಾಯಿತು.

ಇಲ್ಲಿ ಅವರ ಸಂಸತ್ತಿನ ಒಂದು ಪದ್ಧತಿ ಗೊತ್ತಿರಬೇಕು. ವೀಸಾ ಎಷ್ಟು, ಯಾರಿಗೆ, ಒಳಗಿರುವವರನ್ನು ಏನು ಮಾಡುವುದು ಎಂಬ ಕಾನೂನು ಬದಲಿಸಲು ಮೇಲ್ಮನೆಯಾದ ಸೆನೆಟ್‌ನ 100 ಮಂದಿಯಲ್ಲಿ 60 ಜನ ಒಪ್ಪಬೇಕು. ಅಷ್ಟು ಜನ ಒಪ್ಪುವುದಿಲ್ಲ. ಆದರೆ ಇಲಾಖೆಗೆ ದುಡ್ಡು ಪ್ರತಿವರ್ಷ ಕೊಡಲೇಬೇಕು. ಕೊಡದಿದ್ದರೆ ಸಂಬಳ ನಿಲ್ಲುತ್ತದೆ. ಹಾಗಾಗಿ ಕಾನೂನಿನ ಜಗಳ ನಿಧಾನಕ್ಕೆ ದುಡ್ಡಿನ ಮಸೂದೆಯೊಳಗೆ ಬಂದು ಕೂತಿತು. ಮನೆ ಪಾಲಿನ ವ್ಯಾಜ್ಯ ಮುಗಿಯದ ಅಣ್ಣತಮ್ಮಂದಿರು ಪ್ರತಿ ತಿಂಗಳು ಕರೆಂಟ್ ಬಿಲ್ ಬಂದಾಗ ಅದೇ ಜಗಳ ತೆಗೆಯುತ್ತಾರಲ್ಲ, ಹಾಗೆ.

2006ರಲ್ಲಿ ಮೆಕ್ಸಿಕೋ ಗಡಿಯಲ್ಲಿ 700 ಮೈಲಿ ಬೇಲಿಗೆ ಕಾನೂನಾಯಿತು. ಕ್ಯಾಮೆರಾ, ರಾಡಾರ್ ಹಾಕಿ ಕಣ್ಣಿಗೆ ಕಾಣದ ಬೇಲಿಯನ್ನೂ ಕಟ್ಟುತ್ತೇವೆ ಎಂದು ಹೊರಟರು. ಸುಮಾರು 100 ಕೋಟಿ ಡಾಲರ್ ಸುರಿದ ಮೇಲೆ ಅರಿಜೋನಾದಲ್ಲಿ 53 ಮೈಲಿ ಆಗಿತ್ತು. 2011ರ ಜನವರಿಯಲ್ಲಿ ಕೈಬಿಟ್ಟರು.

ಆ ನಡುವೆ ಬಂದದ್ದು 2010ರ ಆಗಸ್ಟ್. ನಮ್ಮ ಕಥೆ ಶುರುವಾಗುವುದೂ ಇಲ್ಲೇ.

ಅರಿಜೋನಾ ರಾಜ್ಯ ಆ ಏಪ್ರಿಲ್‌ನಲ್ಲಷ್ಟೇ ತನ್ನದೇ ಕಟ್ಟುನಿಟ್ಟಿನ ವಲಸೆ ಕಾನೂನು ಮಾಡಿತ್ತು. ನವೆಂಬರ್‌ನಲ್ಲಿ ಚುನಾವಣೆ. ಗಡಿಗೆ ಏನಾದರೂ ಮಾಡಿದೆವು ಎಂದು ತೋರಿಸುವುದು ಎರಡೂ ಪಕ್ಷಗಳಿಗೆ ಬೇಕಿತ್ತು. 60 ಕೋಟಿ ಡಾಲರ್‌ನ ಮಸೂದೆ ತಯಾರಾಯಿತು: 1,500 ಹೊಸ ಸಿಬ್ಬಂದಿ, ಎರಡು ಡ್ರೋನ್. ಡ್ರೋನ್ ಅಂದರೆ ಮದುವೆ ಮನೆಯಲ್ಲಿ ಹಾರಿಸುವುದಲ್ಲ, ಮೆಕ್ಸಿಕೋ ಗಡಿ ಮೇಲೆ ಗಂಟೆಗಟ್ಟಲೆ ಸುತ್ತುವ ವಿಮಾನ. ಸಾಲ ಮಾಡುವಂತಿಲ್ಲ, ತೆರಿಗೆ ಏರಿಸುವಂತಿಲ್ಲ. ಮತ್ತೆ ದುಡ್ಡು ಎಲ್ಲಿಂದ?

ಎಚ್1ಬಿ ಮತ್ತು ಎಲ್1 ವೀಸಾ ಶುಲ್ಕದಿಂದ. ಎಲ್1 ಅಂದರೆ ಕಂಪನಿ ತನ್ನದೇ ನೌಕರರನ್ನು ಅಲ್ಲಿನ ಕಚೇರಿಗೆ ಕಳಿಸುವ ವೀಸಾ. ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈ ವೀಸಾಗಳ ಮೇಲೆ ಇದ್ದರೆ ಮಾತ್ರ, ಅಂಥ ಕಂಪನಿ ಹೊಸ ಎಚ್1ಬಿಗೆ 2,000 ಡಾಲರ್, ಎಲ್1ಗೆ 2,250 ಡಾಲರ್ ಜಾಸ್ತಿ ಕಟ್ಟಬೇಕು. ವಾಕ್ಯದಲ್ಲಿ ಭಾರತ ಅಂತ ಎಲ್ಲೂ ಇಲ್ಲ. ಆದರೆ ಅಳತೆ ತೆಗೆದು ಹೊಲಿದ ಅಂಗಿಗೆ ಹೆಸರು ಬರೆಯಬೇಕಾಗಿಲ್ಲ. ಸಿಯಾಟಲ್‌ನ ದೊಡ್ಡ ಕಂಪನಿಗಳು ಹೊರಗುಳಿದವು. ಬೆಂಗಳೂರು, ಮುಂಬೈ, ಪುಣೆ ಕಂಪನಿಗಳು ಒಳಗೆ ಬಂದವು.

ಸೆನೆಟ್‌ನಲ್ಲಿ ಮಸೂದೆ ಮಂಡಿಸಿದ ಚಕ್ ಶೂಮರ್ ಇನ್ಫೋಸಿಸ್ ಹೆಸರೆತ್ತಿ ‘ಚಾಪ್ ಶಾಪ್’ ಎಂದರು. ಹಾಗಂದರೆ ಕದ್ದ ಗಾಡಿ ಬಿಚ್ಚಿ ಬಿಡಿಭಾಗ ಮಾರುವ ಗುಜರಿ ಅಂಗಡಿ. ತಾವು ಹೇಳಬೇಕೆಂದಿದ್ದು ‘ಬಾಡಿ ಶಾಪ್’, ಅಂದರೆ ಬೇರೆ ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸುವ ಅಂಗಡಿ, ಎಂದು ಆಮೇಲೆ ತಿದ್ದಿಕೊಂಡರು. ಬೆಂಗಳೂರಿನಲ್ಲಿ ಒಂದು ವಾರ ಇದೇ ಮಾತು. ಆದರೆ ಎಲ್ಲರೂ ಬೈಗುಳದ ಮೇಲೆ ಸಿಟ್ಟಾದರೇ ಹೊರತು ಲೆಕ್ಕದ ಮೇಲೆ ಅಲ್ಲ. ಗಡಿಯಲ್ಲಿ ಕದ್ದು ದಾಟುವವರಿಗೂ ಎಲೆಕ್ಟ್ರಾನಿಕ್ ಸಿಟಿಯಿಂದ ಹೋಗುವವರಿಗೂ ಏನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಆಗಸ್ಟ್ 12ರಂದು, ಬೇಸಿಗೆ ರಜೆಯ ನಡುವೆ, ಸೆನೆಟ್ ಬಾಗಿಲು ತೆಗೆದರು. ಸದನದಲ್ಲಿದ್ದವರು ಇಬ್ಬರೇ ಸೆನೆಟರ್‌ಗಳು. ವಿರೋಧ ಇಲ್ಲ ಎಂದು ಮಸೂದೆ ಪಾಸಾಯಿತು. ಮರುದಿನವೇ ಅಧ್ಯಕ್ಷರ ಸಹಿ. ಉಳಿದ ವಿಷಯದಲ್ಲಿ ಮುಖ ನೋಡದ ಎರಡೂ ಪಕ್ಷಗಳು ಇಲ್ಲಿ ತಕರಾರಿಲ್ಲದೆ ಒಪ್ಪಿದವು. ಶುಲ್ಕ ಕಟ್ಟುವವರಿಗೆ ಅಲ್ಲಿ ಓಟಿಲ್ಲ ನೋಡಿ.

2014ಕ್ಕೆ ಮುಗಿಯಬೇಕಿದ್ದ ಶುಲ್ಕ ಕೆಲವೇ ತಿಂಗಳಲ್ಲಿ 2015ರವರೆಗೆ ಬೆಳೆಯಿತು. ಈ ಸಲ ಅವಳಿ ಕಟ್ಟಡದ ಅವಶೇಷ ತೆಗೆಯುವಾಗ ಕಾಯಿಲೆ ಬಿದ್ದವರ ಚಿಕಿತ್ಸೆಯ ಖರ್ಚು ಹೊಂದಿಸಲು. ಬೇಕಾದ ಕೆಲಸವೇ. ಆದರೂ ಇದನ್ನು ವೀಸಾದವರು ಯಾಕೆ ಕಟ್ಟಬೇಕು ಎಂದು ಯಾರೂ ಕೇಳಲಿಲ್ಲ. 2015ರ ಡಿಸೆಂಬರ್‌ನಲ್ಲಿ ಅದು ದುಪ್ಪಟ್ಟಾಯಿತು, 4,000 ಮತ್ತು 4,500 ಡಾಲರ್. ಮೂರು ತಿಂಗಳಿಗೆ ಭಾರತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟಿತು. 2018ರಲ್ಲಿ ಶುಲ್ಕದ ಅವಧಿ 2027ರವರೆಗೆ ಹೋಯಿತು.

ಇತ್ತ ವಾಷಿಂಗ್ಟನ್ನಿನ ಜಗಳ ಜೋರಾಗುತ್ತಲೇ ಇತ್ತು. 2013ರಲ್ಲಿ ಸೆನೆಟ್ 68-32ರಲ್ಲಿ ದೊಡ್ಡದೊಂದು ಸುಧಾರಣೆ ಪಾಸು ಮಾಡಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. 2014ರ ನವೆಂಬರ್‌ನಲ್ಲಿ ಒಬಾಮಾ ಆದೇಶದ ಮೂಲಕ ದಾಖಲೆ ಇಲ್ಲದ ಲಕ್ಷಾಂತರ ತಂದೆತಾಯಂದಿರಿಗೆ ರಕ್ಷಣೆ ಘೋಷಿಸಿದರು. ಎದುರು ಪಕ್ಷ ಸಿಟ್ಟಾಯಿತು. ಉಳಿದೆಲ್ಲ ಇಲಾಖೆಗಳಿಗೆ ಸೆಪ್ಟೆಂಬರ್‌ವರೆಗೆ ದುಡ್ಡು ಕೊಟ್ಟು, ಭದ್ರತಾ ಇಲಾಖೆಗೆ ಮಾತ್ರ ಫೆಬ್ರವರಿ 27ರವರೆಗೆ ಎಂದು ಗಡುವಿಟ್ಟರು.

ತಮಾಷೆ ಏನೆಂದರೆ, ಆದೇಶ ಜಾರಿ ಮಾಡಬೇಕಾದ ಅರ್ಜಿ ಕಚೇರಿ ನಡೆಯುವುದು ಬಹುಪಾಲು ಅರ್ಜಿದಾರರ ಶುಲ್ಕದಲ್ಲೇ. ಸಂಸತ್ತು ದುಡ್ಡು ನಿಲ್ಲಿಸಿದರೆ ಆ ಕಚೇರಿ ಮುಚ್ಚುವುದಿಲ್ಲ. ಮುಚ್ಚುವುದು ಬೇರೆಲ್ಲ. ಗಡಿ ಕಾಯುವವರು ಸಂಬಳ ಇಲ್ಲದೆ ಕೆಲಸ ಮಾಡಬೇಕಿತ್ತು. 27ರ ರಾತ್ರಿ ಗಡುವು ಮುಗಿಯುವ ಹೊತ್ತಿಗೆ ಒಂದು ವಾರದ ದುಡ್ಡು ಕೊಟ್ಟು ಉಸಿರು ಬಿಟ್ಟರು. ಮಾರ್ಚ್ 3ರಂದು ಷರತ್ತಿಲ್ಲದೆ ಪೂರ್ತಿ ಕೊಟ್ಟರು. ಆ ಗಲಾಟೆಯ ನಡುವೆಯೇ, ಫೆಬ್ರವರಿ 24ರಂದು, ಗ್ರೀನ್ ಕಾರ್ಡ್ ಸಾಲಿನಲ್ಲಿರುವ ಎಚ್1ಬಿಯವರ ಜೊತೆ ಎಚ್4 ವೀಸಾದಲ್ಲಿ ಹೋದ ಸಂಗಾತಿಗಳಿಗೆ ಕೆಲಸ ಮಾಡಲು ಅನುಮತಿ ಪ್ರಕಟವಾಯಿತು. ಎಂಜಿನಿಯರಿಂಗ್ ಓದಿ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದ ಎಷ್ಟೋ ಹೆಣ್ಣುಮಕ್ಕಳು ಅವತ್ತು ಮೊದಲು ಫೋನ್ ಮಾಡಿದ್ದು ಊರಿನ ಅಮ್ಮನಿಗೇ ಇರಬೇಕು.

2018ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಗಡಿಯ ಗೋಡೆಗೆ 570 ಕೋಟಿ ಡಾಲರ್ ಕೇಳಿದರು, ಸಿಗಲಿಲ್ಲ, ಸರ್ಕಾರವೇ 35 ದಿನ ಅರೆಬರೆ ಮುಚ್ಚಿತು. ಸುಮಾರು 8 ಲಕ್ಷ ನೌಕರರಿಗೆ ಸಂಬಳ ಇಲ್ಲ. ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮಾಡುವವರು ರಜೆ ಹಾಕತೊಡಗಿದರು. ಸಮುದ್ರ ಕಾಯುವ ಕೋಸ್ಟ್ ಗಾರ್ಡ್‌ಗೂ ಸಂಬಳ ಬರಲಿಲ್ಲ. ಕೆಲಸಕ್ಕೆ ಸೇರುವವನಿಗೆ ಕಾಗದಪತ್ರ ಸರಿ ಇದೆಯೇ ಎಂದು ಪರಿಶೀಲಿಸುವ ಸರ್ಕಾರಿ ವೆಬ್‌ಸೈಟ್ ಕೂಡ ಬಂದ್. ಬಂಧನದಲ್ಲಿಲ್ಲದವರ ವಲಸೆ ವಿಚಾರಣೆಗಳು ಮುಂದೆ ಹೋದವು. ಅಕ್ರಮ ವಲಸೆ ನಿಲ್ಲಿಸಲೆಂದು ಶುರುವಾದ ಹಟದಲ್ಲಿ ಅಕ್ರಮ ವಲಸೆ ಹಿಡಿಯುವ ಕೆಲಸಗಳೇ ನಿಂತವು. ಕೊನೆಗೆ ಸಂಸತ್ತು ಕೊಟ್ಟದ್ದು 137.5 ಕೋಟಿ. ಉಳಿದದ್ದಕ್ಕೆ ತುರ್ತುಸ್ಥಿತಿ ಘೋಷಿಸಿ ಸೇನೆಯ ಕಟ್ಟಡಗಳಿಗೆ ಇಟ್ಟಿದ್ದ ದುಡ್ಡಿಗೆ ಕೈ ಹಾಕಿದರು.

ಐದು ವರ್ಷದ ಮೇಲೆ ಗಂಟು ಇನ್ನೂ ದೊಡ್ಡದಾಯಿತು. ಉಕ್ರೇನ್ ಮತ್ತು ಇಸ್ರೇಲ್‌ಗೆ ನೆರವು ಬೇಕಾದರೆ ಮೊದಲು ನಮ್ಮ ಗಡಿ ಎಂದರು ರಿಪಬ್ಲಿಕನ್ ಪಕ್ಷದವರು. 2023ರ ಡಿಸೆಂಬರ್ ಒಂದರಲ್ಲೇ ಸುಮಾರು 2.5 ಲಕ್ಷ ಜನ ದಕ್ಷಿಣ ಗಡಿ ದಾಟಿ ಸಿಕ್ಕಿಬಿದ್ದಿದ್ದರು, ಹಾಗಾಗಿ ಮಾತಿನಲ್ಲಿ ತೂಕವೂ ಇತ್ತು. ಮೂವರು ಸೆನೆಟರ್‌ಗಳು ನಾಲ್ಕು ತಿಂಗಳು ಕೂತು 11,800 ಕೋಟಿ ಡಾಲರ್‌ನ ಮಸೂದೆ ಬರೆದರು. ಅದರೊಳಗೆ, ಯಾರ ಗಮನಕ್ಕೂ ಬಾರದಂತೆ, ಐದು ವರ್ಷ ಪ್ರತಿವರ್ಷ 50,000 ಹೆಚ್ಚುವರಿ ವಲಸೆ ವೀಸಾಗಳೂ ಇದ್ದವು. ಎಚ್1ಬಿ ಅಪ್ಪಅಮ್ಮನ ಜೊತೆ ಪುಟ್ಟವರಾಗಿ ಹೋಗಿ, ಅಲ್ಲೇ ಬೆಳೆದು, 21 ತುಂಬಿದ ಕೂಡಲೇ ಹಕ್ಕು ಕಳೆದುಕೊಳ್ಳುವ ಮಕ್ಕಳಿಗೆ ರಕ್ಷಣೆಯೂ ಇತ್ತು. ಚುನಾವಣೆ ವರ್ಷ. ಬಗೆಹರಿದ ಸಮಸ್ಯೆಗಿಂತ ಬಗೆಹರಿಯದ ಸಮಸ್ಯೆಗೆ ವೇದಿಕೆಯಲ್ಲಿ ಚಪ್ಪಾಳೆ ಜಾಸ್ತಿ. 2024ರ ಫೆಬ್ರವರಿ 7ರಂದು 49-50ರಲ್ಲಿ ಮಸೂದೆ ಬಿತ್ತು. ಏಪ್ರಿಲ್‌ನಲ್ಲಿ ನೆರವಿನ ದುಡ್ಡು ಗಡಿಯ ಷರತ್ತಿಲ್ಲದೆಯೇ ಹೋಯಿತು. ಆ ಮಕ್ಕಳ ವಿಷಯ ಇದ್ದಲ್ಲೇ ಉಳಿಯಿತು.

2025ರ ಜುಲೈ 4ರ ಕಾನೂನು 60 ಮತದ ತಡೆಯನ್ನೇ ಸುತ್ತುಹಾಕಿ ಬಂತು. ಬಜೆಟ್‌ನ ವಿಶೇಷ ದಾರಿಯಲ್ಲಿ ಸರಳ ಬಹುಮತ ಸಾಕು, ಸೆನೆಟ್‌ನಲ್ಲಿ ಉಪಾಧ್ಯಕ್ಷರ ಮತವೂ ಸೇರಿ 51-50. ಗಡಿ ಮತ್ತು ವಲಸೆ ಕೆಲಸಕ್ಕೆ ಸುಮಾರು 17,000 ಕೋಟಿ ಡಾಲರ್, ಅದರಲ್ಲಿ ಗೋಡೆಗೆ 4,650 ಕೋಟಿ, ಬಂಧನ ಕೇಂದ್ರಗಳಿಗೆ 4,500 ಕೋಟಿ. ಹಲವು ವರ್ಷಕ್ಕಾಗುವಷ್ಟು ದುಡ್ಡು ಒಂದೇ ಸಲಕ್ಕೆ ಕೈಗೆ ಬಂತು. ವರ್ಷವರ್ಷ ದುಡ್ಡು ತಡೆದು ಷರತ್ತು ಹಾಕುತ್ತಿದ್ದವರ ಕೈ ಸಡಿಲವಾಯಿತು. ಬಾಗಿಲಿನ ಅಳತೆ ಮಾತ್ರ ಹಳೆಯದೇ. ಎಚ್1ಬಿಯ 65,000ದ ಮಿತಿ 1990ರ ಕಾನೂನಿನದು. ನಡುವೆ ಕೆಲವು ವರ್ಷ ಏರಿಸಿ ಇಳಿಸಿದರು, ಅಲ್ಲಿ ಸ್ನಾತಕೋತ್ತರ ಓದಿದವರಿಗೆ 20,000 ಸೇರಿಸಿದರು, ಅಷ್ಟೇ. ವಾರ್ಷಿಕ ಮಿತಿ ಇರುವ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ದೇಶದವರಿಗೂ ಶೇ 7ಕ್ಕಿಂತ ಹೆಚ್ಚಿಲ್ಲ ಎಂಬ ನಿಯಮವೂ ಹಾಗೇ ಇದೆ.

ಅದೇ ಕಾನೂನಿನಲ್ಲಿ ವೀಸಾದವರಿಗೆ ಇನ್ನೊಂದು ಸಾಲು ಇದೆ. ತಾತ್ಕಾಲಿಕ ವೀಸಾ ಪಡೆಯುವವರು 250 ಡಾಲರ್‌ನ ಹೊಸ ಶುಲ್ಕ ಕೊಡಬೇಕು. ಇದು ಕಂಪನಿಗಳಿಗಷ್ಟೇ ಅಲ್ಲ. ಮಗಳ ಬಾಣಂತನಕ್ಕೆಂದು ಲೇಹ್ಯ, ಚಟ್ನಿಪುಡಿ ಕಟ್ಟಿಕೊಂಡು ಆರು ತಿಂಗಳಿಗೆ ಹೊರಡುವ ಹಾಸನದ ಅಮ್ಮನಿಗೂ ಬರುತ್ತದೆ, ಈಗಿರುವ 185 ಡಾಲರ್ ಅರ್ಜಿ ಶುಲ್ಕದ ಮೇಲೆ. ನಿಯಮ ಪಾಲಿಸಿ ಹೊತ್ತಿಗೆ ಸರಿಯಾಗಿ ವಾಪಸ್ ಬಂದವರಿಗೆ ದುಡ್ಡು ಮರಳಿಸಬಹುದು ಎಂದೂ ಬರೆದಿದ್ದಾರೆ. ಹೇಗೆ ಎಂಬುದನ್ನು ಇಲಾಖೆಗೇ ಬಿಟ್ಟಿದ್ದಾರೆ.