ಪದ ಪರಿಚಯ: ಸ್ಮೈಲ್ ಡಿಸೈನ್

ಕೊಪ್ಪಳದಲ್ಲಿ ಹಲ್ಲಿನ ದವಾಖಾನೆಗಳ ಬೋರ್ಡು ಬದಲಾಗಿವೆ. ಮೊದಲು ‘ಹಲ್ಲು ಕೀಳಲಾಗುವುದು, ಹಲ್ಲಿನ ಸೆಟ್ ಕಟ್ಟಲಾಗುವುದು’ ಅಂತ ಇರುತ್ತಿತ್ತು. ಈಗ ದೊಡ್ಡ ಅಕ್ಷರದಲ್ಲಿ ‘ಸ್ಮೈಲ್ ಡಿಸೈನ್’. ಡಿಸೈನ್ ಅಂದರೆ ನಮಗೆ ನೆನಪಾಗುವುದು ಬ್ಲೌಸು, ಮೆಹಂದಿ, ರಂಗೋಲಿ. ನಗುವಿಗೆ ಎಂಥ ಡಿಸೈನ್?

ಈ ಪದ ನಮ್ಮ ಮನೆಗೆ ಬಂದದ್ದು ಅಕ್ಕನ ಮಗಳಿಂದ. ಕುಷ್ಟಗಿ ಕಡೆಯ ಹಳ್ಳಿ. ನಿಶ್ಚಿತಾರ್ಥಕ್ಕೆ ಎರಡು ತಿಂಗಳಿತ್ತು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ನಡುನಡುವೆ ಸುಣ್ಣ ಮೆತ್ತಿದಂಥ ಬಿಳಿ ಮಚ್ಚೆ. ಯಾವ ಫೋಟೋದಲ್ಲೂ ಬಾಯಿ ಬಿಟ್ಟು ನಕ್ಕವಳಲ್ಲ. ಗೆಳತಿಯ ಮದುವೆಯಲ್ಲಿ ಫೋಟೋದವನು “ಸ್ವಲ್ಪ ಹಲ್ಲು ಕಾಣಂಗ ನಗ್ರಿ ಅಕ್ಕಾರ” ಅಂದದ್ದಕ್ಕೆ ಸ್ಟೇಜಿನಿಂದಲೇ ಇಳಿದು ಹೋಗಿದ್ದಳು. “ಚಿಗವ್ವ, ಸ್ಮೈಲ್ ಡಿಸೈನ್ ಮಾಡಿಸ್ಕೊಂತೀನಿ, ಜೊತಿಗೆ ಬಾ” ಅಂದಳು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಐದು ನಿಮಿಷ ನೋಡಿ, “ಮೇಲಿನ ಎಂಟು ಹಲ್ಲಿಗೂ ಸೆರಾಮಿಕ್ ಕ್ಯಾಪ್ ಹಾಕಿಬಿಡೋಣ” ಅಂದರು. ಹಲ್ಲು ತೇದು ಅದರ ಮೇಲೆ ಟೋಪಿಯಂತೆ ಕೂರಿಸುವ ಕವಚ ಅದು. ಹಲ್ಲು ಎಷ್ಟು ತೇಯಬೇಕಾಗುತ್ತದೆ ಅಂತ ಕೇಳಿದೆ. “ಸ್ವಲ್ಪ” ಅಂದರು. ಆ ‘ಸ್ವಲ್ಪ’ ಯಾಕೋ ಹಿಡಿಸಲಿಲ್ಲ. ಎದ್ದು ಬಂದೆವು. ಆಮೇಲೆ ಓದಿ, ಅವರಿವರನ್ನು ಕೇಳಿ, ಕೊನೆಗೆ ರಾಯಚೂರಿನ ದಂತ ಕಾಲೇಜೊಂದಕ್ಕೆ ಹೋಗಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಮೈಲ್ ಡಿಸೈನ್ ಅನ್ನುವುದು ‘ಮದುವೆ ಅಡುಗೆ’ ಅಂದ ಹಾಗೆ. ಮದುವೆ ಅಡುಗೆ ಅಂದರೆ ಗೋಧಿ ಹುಗ್ಗಿಯೋ, ಬದನೆಕಾಯಿ ಪಲ್ಯವೋ? ಒಬ್ಬೊಬ್ಬರ ಮನೆಯಲ್ಲಿ ಒಂದೊಂದು. ಇಲ್ಲೂ ಕ್ಲೀನಿಂಗ್, ಬ್ಲೀಚಿಂಗ್, ಬಾಂಡಿಂಗ್, ವೆನಿಯರ್, ಕ್ಯಾಪ್, ಕ್ಲಿಪ್, ವಸಡು ಸರಿಮಾಡುವುದು ಅಂತ ಹಲವು ಕೆಲಸಗಳಿವೆ. ನಕ್ಕಾಗ ತುಟಿ ಎಷ್ಟು ಮೇಲೇರುತ್ತದೆ, ವಸಡು ಎಷ್ಟು ಕಾಣುತ್ತದೆ, ಹಲ್ಲಿನ ಉದ್ದಗಲ ಏನು, ಬಣ್ಣ ಯಾವುದು ಅಂತ ನೋಡಿ, ಈ ಬಾಯಿಗೆ ಯಾವ ಕೆಲಸ ಬೇಕು, ಯಾವುದು ಬೇಡ ಅಂತ ಮೊದಲೇ ಲೆಕ್ಕ ಹಾಕುವುದಕ್ಕೆ ಡಿಸೈನ್ ಅನ್ನುತ್ತಾರೆ. ಸರಿಯಾಗಿ ಮಾಡುವವರು ಹಲ್ಲಿನ ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹೊಸ ಆಕಾರ ತಿದ್ದಿ ತೋರಿಸುತ್ತಾರೆ. ಅದೇ ಆಕಾರವನ್ನು ತಾತ್ಕಾಲಿಕವಾಗಿ ಬಾಯಲ್ಲೂ ಕೂರಿಸಿ ಕನ್ನಡಿ ಕೊಡುತ್ತಾರೆ. ಇನ್ನೂ ಹಲ್ಲು ಮುಟ್ಟಿರುವುದಿಲ್ಲ. ಕನ್ನಡಿ ಕೈಗೆ ಬರುವ ಮೊದಲೇ ಡ್ರಿಲ್ ಶುರುವಾದರೆ ಅದರಲ್ಲಿ ಡಿಸೈನ್ ಏನು ಬಂತು?

ನಮ್ಮ ಕಡೆಯ ಕಂದು ಹಲ್ಲಿನ ವಿಷಯ ಬೇರೆಯೇ ಇದೆ. ಇದಕ್ಕೆ ಡೆಂಟಲ್ ಫ್ಲೋರೋಸಿಸ್ ಅನ್ನುತ್ತಾರೆ. ಗ್ರಾನೈಟ್ ಬಂಡೆಯ ಸಂದಿಯಲ್ಲಿ ನಿಂತ ನೀರು ಕಲ್ಲಿನಿಂದ ಫ್ಲೋರೈಡ್ ಹೀರಿಕೊಳ್ಳುತ್ತದೆ. ಅದೇ ನೀರು ಬೋರ್‌ವೆಲ್‌ನಲ್ಲಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿವೆ. ಹಲ್ಲು ವಸಡಿನ ಒಳಗೆ ತಯಾರಾಗುತ್ತಿರುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಈ ನೀರು ಕುಡಿದರೆ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹುಟ್ಟುವಾಗಲೇ ಮಚ್ಚೆ ಹೊತ್ತು ಬರುತ್ತದೆ, ಕಂದು ಬಣ್ಣ ಆಮೇಲೆ ಏರುತ್ತದೆ. ದೊಡ್ಡವರಾದ ಮೇಲೆ ಕುಡಿದ ನೀರಿನಿಂದ ಹಲ್ಲಿಗೆ ಈ ಮಚ್ಚೆ ಬರುವುದಿಲ್ಲ. ನೀರು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ, ಅಷ್ಟೇ. ಆರ್‌ಒ ಘಟಕದ ನೀರಿನಲ್ಲಿ ಕಡಿಮೆಯಾಗುತ್ತದೆ.

ಇದು ನಮ್ಮೂರಿನ ಶಾಪವೇನಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರಿಗೆ ಅಲ್ಲಿಯವರ ಕಂದು ಹಲ್ಲು ಕಂಡಿತು. ಕಾರಣ ನೀರಿನ ಫ್ಲೋರೈಡ್ ಅಂತ ಗೊತ್ತಾಗಲು 1931 ಬರಬೇಕಾಯಿತು. ನಮ್ಮ ದೇಶದಲ್ಲಿ ಮೊದಲ ವರದಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಬಂತು. ಅದು ಆಗ ಮದ್ರಾಸ್ ಪ್ರಾಂತ್ಯ. ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು.

ನಮ್ಮಲ್ಲಿ ಇದನ್ನು ಸುಮ್ನೆ ಕೊಳೆ ಅಂದುಕೊಳ್ಳುತ್ತಾರೆ. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು, ನಿಂಬೆಹಣ್ಣು ಹಾಕಿ ಉಜ್ಜುತ್ತಾರೆ. ಅಕ್ಕನ ಮಗಳೂ ಇದ್ದಿಲ ಪೇಸ್ಟು ತರಿಸಿ ಆರು ತಿಂಗಳು ಉಜ್ಜಿದ್ದಳು. ಕಲೆ ಎನಾಮಲ್ ಒಳಗೇ ಇದೆ, ಉಜ್ಜಿದರೆ ಸವೆಯುವುದು ಎನಾಮಲ್. ಕೊನೆಗೆ ಐಸ್‌ಕ್ರೀಮ್ ತಿಂದರೆ ಜುಮ್ ಅನ್ನುವುದು ಬೇರೆ.

ಮೊದಲ ಮೆಟ್ಟಿಲು ಕ್ಲೀನಿಂಗ್. ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿಕೊಂಡ ಗಾರೆ, ಎಲೆ ಅಡಿಕೆ ಕಲೆ, ಗುಟ್ಕಾ ಕಲೆ ಹೋಗುತ್ತದೆ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತೆ’ ಅನ್ನುವ ಮಾತು ಎಲ್ಲ ಊರಲ್ಲೂ ಇದೆ. ಸಂದಿಯಲ್ಲಿ ತುಂಬಿದ್ದ ಗಾರೆ ಹೋದ ಮೇಲೆ ಸಂದಿ ಕಾಣುತ್ತದೆ, ಅದಕ್ಕೆ ಹಾಗೆ ಅನಿಸುತ್ತದೆ.

ಆಮೇಲೆ ಬ್ಲೀಚಿಂಗ್. ಪೆರಾಕ್ಸೈಡ್ ಜೆಲ್ ಎನಾಮಲ್ ಒಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಕ್ಲಿನಿಕ್ಕಿನಲ್ಲಿ ಕೂತು ಮಾಡಿಸಬಹುದು. ಇಲ್ಲವೇ ನಮ್ಮ ಹಲ್ಲಿನ ಅಳತೆಗೆ ಮಾಡಿಕೊಟ್ಟ ತೆಳು ಟ್ರೇಯಲ್ಲಿ ಜೆಲ್ ಹಾಕಿ ರಾತ್ರಿ ಕಟ್ಟಿಕೊಂಡು ಮಲಗಬಹುದು. ರಾತ್ರಿ ಕಟ್ಟುವ ಈ ಪದ್ಧತಿ 1989ರಿಂದ ಪ್ರಚಾರಕ್ಕೆ ಬಂತು, ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್‌ನಲ್ಲಿ. ಕೆಲವು ದಿನ ಹಲ್ಲು ಜುಮ್ ಅನ್ನುತ್ತದೆ, ಆಮೇಲೆ ಹೋಗುತ್ತದೆ. ಕ್ಯಾಪು, ಫಿಲ್ಲಿಂಗು ಮಾತ್ರ ಬ್ಲೀಚ್ ಆಗುವುದಿಲ್ಲ. ಹಾಗಾಗಿ ಮೊದಲು ಬ್ಲೀಚ್, ಆ ಬಣ್ಣಕ್ಕೆ ಹೊಂದಿಸಿ ಉಳಿದದ್ದು. ಫ್ಲೋರೋಸಿಸ್‌ನ ಬಿಳಿ ಮಚ್ಚೆ ಇದರಿಂದ ಅಳಿಸುವುದಿಲ್ಲ. ಮೊದಮೊದಲು ಇನ್ನೂ ಎದ್ದು ಕಾಣಬಹುದು. ಸುತ್ತಲಿನ ಹಲ್ಲು ಬೆಳ್ಳಗಾದ ಮೇಲೆ ಅದರಲ್ಲಿ ಕರಗಿದಂತೆ ಕಾಣುತ್ತದೆ.

ಮೈಕ್ರೋಅಬ್ರೇಷನ್ ಅಂತ ಇನ್ನೊಂದಿದೆ. ನಮ್ಮ ಕಡೆಯವರು ಕ್ಯಾಪ್ ಹೆಸರು ಎತ್ತುವ ಮೊದಲು ಇದನ್ನು ಕೇಳಬೇಕು. ವಸಡಿಗೆ ರಬ್ಬರ್ ಹಾಳೆಯ ಕಾಪು ಕಟ್ಟಿ, ಆಮ್ಲ ಬೆರೆಸಿದ ನುಣುಪು ಪುಡಿಯಿಂದ ಹಲ್ಲಿನ ಮೇಲ್ಪದರವನ್ನು ಒಂದೆರಡು ಕೂದಲಿನ ದಪ್ಪದಷ್ಟು ಮಾತ್ರ ತೆಗೆಯುತ್ತಾರೆ. ಕಲೆ ಮೇಲ್ಮೇಲೆ ಇದ್ದರೆ ಅದರೊಂದಿಗೇ ಹೋಗುತ್ತದೆ. ಆಳವಾಗಿದ್ದರೆ ಹೋಗುವುದಿಲ್ಲ. ಆಮ್ಲ ಅಂದ ಕೂಡಲೇ ಮನೆಯಲ್ಲಿ ನಿಂಬೆರಸದಲ್ಲಿ ಪ್ರಯೋಗ ಮಾಡಬೇಡಿ, ಪ್ಲೀಸ್.

ಬಾಂಡಿಂಗ್ ಅಂದರೆ ಹಲ್ಲಿನ ಬಣ್ಣದ ಪೇಸ್ಟನ್ನು ಹಲ್ಲಿನ ಮೇಲೆ ತಿದ್ದಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುವುದು. ಚೂರು ಮುರಿದ ಹಲ್ಲಿಗೆ, ಸಂದಿ ಮುಚ್ಚಲು ಚೆನ್ನ. ಒಂದೇ ದಿನದ ಕೆಲಸ. ಚಹಾ ಜಾಸ್ತಿ ಕುಡಿಯುವವರಿಗೆ ಬೇಗ ಬಣ್ಣ ಕಟ್ಟುತ್ತದೆ, ಪಾಲಿಶ್ ಮಾಡಿಸುತ್ತಿರಬೇಕು.

ಇನ್ನು ವೆನಿಯರ್. ಬಡಗಿಗಳಿಗೆ ಈ ಪದ ಹೊಸದಲ್ಲ. ಪ್ಲೈವುಡ್ ಮೇಲೆ ತೇಗದ ತೆಳು ಹಾಳೆ ಅಂಟಿಸಿ ತೇಗದ ಬಾಗಿಲಿನಂತೆ ಕಾಣಿಸುತ್ತಾರಲ್ಲ, ಅದೂ ವೆನಿಯರ್ರೇ. ಹಲ್ಲಿನದೂ ಅಷ್ಟೇ, ಮುಂಭಾಗಕ್ಕೆ ಅಂಟಿಸುವ ಅರ್ಧ ಮಿಲಿಮೀಟರಿನಷ್ಟು ತೆಳುವಾದ ಪಿಂಗಾಣಿ ಪದರ. 1928ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಸಿನಿಮಾ ನಟರಿಗೆ ಇಂಥದನ್ನು ಮಾಡಿಕೊಟ್ಟರು. ಆಗ ಗಟ್ಟಿಯಾಗಿ ಅಂಟಿಸುವ ದಾರಿ ಇರಲಿಲ್ಲ. ಶೂಟಿಂಗ್ ಮುಗಿದ ಮೇಲೆ ತೆಗೆದಿಡುತ್ತಿದ್ದರು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಫಾಸ್ಫಾರಿಕ್ ಆಮ್ಲದಿಂದ ಎನಾಮಲ್ ಅನ್ನು ಒರಟು ಮಾಡಿದರೆ ಅಂಟು ಹಿಡಿಯುತ್ತದೆ ಅಂತ ತೋರಿಸಿದರು. ಬಡಗಿಯೂ ಅಂಟು ಹಚ್ಚುವ ಮೊದಲು ಮರಳು ಕಾಗದದಿಂದ ಉಜ್ಜುತ್ತಾನೆ, ಅಲ್ವಾ? ಹಾಗೇ. ಫ್ಲೋರೋಸಿಸ್ ಇರುವ ಎನಾಮಲ್‌ಗೆ ಆಮ್ಲ ಅಷ್ಟು ಸುಲಭಕ್ಕೆ ನಾಟುವುದಿಲ್ಲ. ಅದಕ್ಕೇ ನಮ್ಮ ಕಡೆಯ ಹಲ್ಲಿಗೆ ವೆನಿಯರ್ ಕೂರಿಸುವವರಿಗೆ ಈ ಹಲ್ಲಿನ ಅನುಭವ ಇರಬೇಕು.

ವೆನಿಯರ್‌ಗೆ ಸಾಮಾನ್ಯವಾಗಿ ಮುಂಭಾಗವನ್ನು ಸ್ವಲ್ಪ ತೇಯಬೇಕು. ಕ್ಯಾಪ್‌ಗೆ ಸುತ್ತಲೂ ತೇಯಬೇಕು. ಎಷ್ಟು? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಹಾಕಿ ಅಳೆದಿದ್ದಾರೆ. ಮುಂದಿನ ಹಲ್ಲಿಗೆ ವೆನಿಯರ್ ಹಾಕುವಾಗ ಹೊರಗೆ ಕಾಣುವ ಭಾಗದಲ್ಲಿ ಶೇಕಡಾ 3ರಿಂದ 30 ಹೋಗುತ್ತದೆ. ಪೂರ್ತಿ ಕ್ಯಾಪ್‌ಗೆ 63ರಿಂದ 72. ಆ ದಿನ ನಾವು ಕೇಳಿದ ‘ಸ್ವಲ್ಪ’ ಇದು! ರೂಟ್ ಕೆನಾಲ್ ಆದ, ಅರ್ಧ ಮುರಿದ ಹಲ್ಲಿಗೆ ಕ್ಯಾಪ್ ಬೇಕೇ ಬೇಕು. ಬರೀ ಬಣ್ಣಕ್ಕಾಗಿ ಇಪ್ಪತ್ತೆರಡರ ಹುಡುಗಿಯ ಗಟ್ಟಿ ಹಲ್ಲಿಗೆ ಯಾಕೆ? ತೇದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕ್ಯಾಪಿಗೂ ವೆನಿಯರ್‌ಗೂ ಆಯುಸ್ಸು ಇದೆ. ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಬಹುದು. ಅಷ್ಟರ ನಡುವೆ ಖಡಕ್ ರೊಟ್ಟಿ ಕಡಿಯುವಾಗ, ಕಬ್ಬು ಸಿಗಿಯುವಾಗ ಒಂದು ಕಣ್ಣು ಅದರ ಮೇಲೆಯೇ.

ಹಲ್ಲು ವಕ್ರವಾಗಿದ್ದರೆ, ಉಬ್ಬಿದ್ದರೆ ಕ್ಲಿಪ್. ಅದನ್ನು ಬಿಟ್ಟು ವಕ್ರ ಹಲ್ಲನ್ನು ತೇದು ಕ್ಯಾಪ್ ಹಾಕಿ ‘ಹತ್ತು ದಿನದಲ್ಲಿ ನೆಟ್ಟಗೆ’ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ.

ರಾಯಚೂರಿನಲ್ಲಿ ಡಾಕ್ಟರಮ್ಮ ಮೊದಲು ಮಾಡಿದ್ದು, ಅಕ್ಕನ ಮಗಳ ಲಿಪ್‌ಸ್ಟಿಕ್ ಒರೆಸಿ ಕಿಟಕಿ ಕಡೆ ಕುರ್ಚಿ ತಿರುಗಿಸಿದ್ದು. ಕೈಯಲ್ಲಿ ಶೇಡ್ ಗೈಡ್. ಬಳೆ ಅಂಗಡಿಯ ಸ್ಯಾಂಪಲ್ ಕಟ್ಟಿನ ಹಾಗೆ ಸಾಲಾಗಿ ಹದಿನಾರು ಹಲ್ಲು, ಒಂದೊಂದರ ಕೆಳಗೆ ಎ1, ಎ2, ಬಿ1 ಅಂತ ನಂಬರು. ಒಂದೊಂದನ್ನೇ ಹಲ್ಲಿನ ಪಕ್ಕ ಹಿಡಿದು ನೋಡಿದರು. ಬೇಗ ಬೇಗ ನೋಡಿದರು. ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ, ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದಂತೆ. ಬ್ಲೌಸ್ ಪೀಸ್ ಮ್ಯಾಚಿಂಗ್ ನೋಡುವಾಗ ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬಿಸಿಲಿಗೆ ಬರುವ ನಮಗೆ ಕಿಟಕಿಯ ಬೆಳಕು ಯಾಕೆ ಅಂತ ಬಿಡಿಸಿ ಹೇಳಬೇಕಾಗಲಿಲ್ಲ. “ಅಪ್ಪಟ ಬಿಳಿ ಬ್ಯಾಡವ್ವ, ನಿನ್ನ ಕಣ್ಣಿನ ಬಿಳಿ ಗುಡ್ಡೆಗಿಂತ ಹಲ್ಲು ಬೆಳ್ಳಗಾದ್ರ ನಕ್ಲಿ ಕಾಣ್ತೈತಿ” ಅಂದರು.

ಕ್ಲೀನಿಂಗ್, ಮೈಕ್ರೋಅಬ್ರೇಷನ್, ಆಮೇಲೆ ಮನೆಯಲ್ಲಿ ರಾತ್ರಿ ಟ್ರೇ. ಐದು ಸಲ ಓಡಾಡಿದೆವು. ಡ್ರಿಲ್ ತಾಗಲಿಲ್ಲ. ಕಂದು ಹೋಯಿತು. ಎಡಗಡೆ ಕೋರೆಹಲ್ಲಿನ ಮೇಲೆ ಒಂದು ಮಾಸಲು ಬಿಳಿ ಚುಕ್ಕೆ ಉಳಿಯಿತು. ಬ್ಲೀಚ್ ಮುಗಿದು ಎರಡು ವಾರ ಬಿಟ್ಟು ಬಾಂಡಿಂಗ್ ಪೇಸ್ಟಿನಲ್ಲಿ ಅದನ್ನೂ ಮುಚ್ಚಬಹುದು, ಈಗಲೇ ಮಾಡಿದರೆ ಅಂಟು ಸರಿ ಹಿಡಿಯುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರು. ಎರಡು ವಾರಕ್ಕೆ ಫೋನ್ ಮಾಡಿ “ಹೋಗೋಣೇನು?” ಅಂದೆ.

“ಬ್ಯಾಡ ಚಿಗವ್ವ, ನನಗ ಬಿಟ್ರ ಯಾರಿಗೂ ಕಾಣಂಗಿಲ್ಲ ಅದು” ಅಂದಳು. ಆ ಕಡೆ ಬ್ಲೌಸು ಹೊಲಿಯುವವಳ ಜೊತೆ ಜಗಳ ನಡೆದಿತ್ತು.