ಹಳೇ ಫೈಟಿಂಗ್ ಗೇಮ್ ಮನೆ ಟಿವಿಯಲ್ಲಿ ಯಾಕೆ ಕೈಗೆ ಹತ್ತುವುದಿಲ್ಲ?

ಪ್ರಶ್ನೆ: ನಾನು ಗದಗ-ಬೆಟಗೇರಿಯವ. ಹೈಸ್ಕೂಲಿನಲ್ಲಿದ್ದಾಗ ಸೂಟಿಗೆ ಹುಬ್ಬಳ್ಳಿಯ ಮಾಮಾನ ಮನೆಗೆ ಬಂದರೆ ಸಂಜೆಯೆಲ್ಲ ವಿಡಿಯೋ ಗೇಮ್ ಅಂಗಡಿಯಲ್ಲೇ ಇರುತ್ತಿದ್ದೆ. ಸ್ಟ್ರೀಟ್ ಫೈಟರ್‌ನಲ್ಲಿ ರ‍್ಯೂ ಎಂಬ ಪಾತ್ರ ಹಿಡಿದರೆ ನನ್ನನ್ನು ಸೋಲಿಸುವವರು ಕಡಿಮೆ. ಈಗ ಮಗನ ಕನ್ಸೋಲ್‌ನಲ್ಲಿ ಅದೇ ಗೇಮ್ ಹಾಕಿಸಿದ್ದೇನೆ. ಅವನ ಹಡೋಕೆನ್, ಅಂದರೆ ಕೈಯಿಂದ ಬಿಡುವ ಶಕ್ತಿಯ ಉಂಡೆ, ಎರಡು ಸಲಕ್ಕೊಮ್ಮೆ ಬರವಲ್ದು. ಎದುರಾಳಿ ಜಿಗಿದು ಬಂದಾಗ ಮೇಲಕ್ಕೆ ಹಾರಿ ಗುದ್ದುವ ಶೋರ್ಯುಕೆನ್ ಒತ್ತಿದರೆ ನಾನೇ ಹೊಡೆಸಿಕೊಂಡು ಬೀಳುತ್ತೇನೆ. ವಯಸ್ಸಾತೇನ್ರಿ ನನಗ?

ಉತ್ತರ: ವಯಸ್ಸಿನ ಮಾತು ಸದ್ಯಕ್ಕೆ ಬಿಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಶೋರ್ಯುಕೆನ್ ತಡವಾಗುವುದು ಹೆಚ್ಚಾಗಿ ಟಿವಿಯಿಂದ. ಹಡೋಕೆನ್ ಬಾರದೇ ಇರುವುದು ಕೈಯಲ್ಲಿರುವ ಕಂಟ್ರೋಲರ್‌ನಿಂದ.

ಮೊದಲು ಟಿವಿ. ಈ ಗೇಮ್ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತದೆ. ಒಂದು ಚಿತ್ರಕ್ಕೆ, ಅಂದರೆ ಒಂದು ಫ್ರೇಮಿಗೆ, ಸಿಗುವುದು ಸುಮಾರು 17 ಮಿಲಿಸೆಕೆಂಡ್. ಎದುರಾಳಿ ಜಿಗಿದು ನೆಲಕ್ಕೆ ಇಳಿಯುವಷ್ಟರಲ್ಲಿ ಒಂದು ಸೆಕೆಂಡೂ ಆಗಿರುವುದಿಲ್ಲ. ಅವನು ಜಿಗಿದದ್ದು ಕಣ್ಣಿಗೆ ಬಿದ್ದು ಕೈ ಅಲುಗಬೇಕಾದರೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಉಳಿದ ಚೂರು ಸಮಯದಲ್ಲಿ ಮುಂದೆ, ಕೆಳಗೆ, ಕೆಳಗಿನ ಮೂಲೆ (ಕೆಳಗೆ ಮತ್ತು ಮುಂದೆ ಇವೆರಡರ ನಡುವಿನ ಓರೆ ದಿಕ್ಕು), ಜೊತೆಗೆ ಪಂಚ್, ಇಷ್ಟೂ ಆಗಬೇಕು.

ಅಂಗಡಿಯ ಮಷೀನಿನಲ್ಲಿ ಇದ್ದದ್ದು ಪಿಕ್ಚರ್ ಟ್ಯೂಬ್. ಸಿಗ್ನಲ್ ಬಂದ ಹಾಗೆ ಗೆರೆಗೆರೆಯಾಗಿ ಚಿತ್ರ ಬಿಡಿಸುತ್ತಿತ್ತು. ಅಲ್ಲಿ ತಡ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈಗಿನ ಟಿವಿ ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು ದೊಡ್ಡದು ಮಾಡುತ್ತದೆ, ಬಣ್ಣ ತಿದ್ದುತ್ತದೆ, ಚಲನೆಯನ್ನು ನುಣುಪು ಮಾಡುತ್ತದೆ, ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಗೇಮ್‌ನಲ್ಲಿ ಮಾತ್ರ 100 ಮಿಲಿಸೆಕೆಂಡ್ ತಡವಾದರೆ ಆರು ಫ್ರೇಮ್ ಹೋದ ಹಾಗೆ. ಎದುರಾಳಿ ಜಿಗಿದು ಆಗಲೇ ಗಾಳಿಯಲ್ಲಿರುತ್ತಾನೆ, ನಿಮಗೆ ಅವನು ಈಗ ನೆಲ ಬಿಟ್ಟಂತೆ ಕಾಣುತ್ತದೆ. ಎಷ್ಟು ಚುರುಕಾದ ಕೈ ಇದ್ದರೂ ಏನು ಮಾಡುವುದು?

ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಮೋಡ್ ಅನ್ನು ‘ಗೇಮ್’ ಮಾಡಿ. ಟಿವಿ ಮಾಡುವ ಅಲಂಕಾರದ ಕೆಲಸವೆಲ್ಲ ಹೆಚ್ಚೂಕಡಿಮೆ ನಿಲ್ಲುತ್ತದೆ. ಬಣ್ಣ ಸ್ವಲ್ಪ ಪೇಲವ ಅನಿಸಬಹುದು, ಅನಿಸಲಿ. ನಂಬಿಕೆ ಬರದಿದ್ದರೆ ಅಳೆದು ನೋಡಿ. ಮಗನ ಕೈಗೆ ಮೊಬೈಲ್ ಕೊಟ್ಟು ನಿಮ್ಮ ಹೆಬ್ಬೆರಳು ಮತ್ತು ಟಿವಿ ಎರಡೂ ಒಟ್ಟಿಗೆ ಕಾಣುವ ಹಾಗೆ ಸ್ಲೋ ಮೋಷನ್ ವಿಡಿಯೋ ತೆಗೆಸಿ. ಮೊಬೈಲ್ ಸೆಕೆಂಡಿಗೆ 240 ಚಿತ್ರ ಹಿಡಿಯುವುದಾದರೆ, ಬಟನ್ ಒತ್ತಿದಾಗಿನಿಂದ ರ‍್ಯೂ ಅಲುಗುವವರೆಗೆ ಎಷ್ಟು ಚಿತ್ರ ಅಂತ ಎಣಿಸಿ. 24 ಬಂದರೆ 100 ಮಿಲಿಸೆಕೆಂಡ್. ಗೇಮ್ ಮೋಡ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಎಣಿಸಿದರೆ ವ್ಯತ್ಯಾಸ ನಿಮ್ಮ ಕಣ್ಣೆದುರೇ ಇರುತ್ತದೆ. ಸೊನ್ನೆ ಎಂದೂ ಬರುವುದಿಲ್ಲ. ಅಂಗಡಿ ಮಷೀನಿನ ಒಳಗಿದ್ದ ಮೂಲ ಆರ್ಕೇಡ್ ಬೋರ್ಡೇ ಕೆಲವು ಫ್ರೇಮ್ ತೆಗೆದುಕೊಳ್ಳುತ್ತಿತ್ತು.

ಇನ್ನು ಹಡೋಕೆನ್. ಕೆಳಗೆ, ಕೆಳಗಿನ ಮೂಲೆ, ಮುಂದೆ, ಪಂಚ್. ಅಂಗಡಿಯಲ್ಲಿ ಇದನ್ನು ಮಾಡುತ್ತಿದ್ದದ್ದು ಎಡಗೈಯ ಮಣಿಕಟ್ಟು. ಜಾಯ್‌ಸ್ಟಿಕ್ ಅನ್ನು ಕೆಳಗಿನಿಂದ ಮುಂದಕ್ಕೆ ತಳ್ಳಿದರೆ ನಡುವಿನ ಮೂಲೆ ತಾನಾಗಿ ಸಿಗುತ್ತಿತ್ತು. ಈಗ ಅದೇ ಕೆಲಸ ಹೆಬ್ಬೆರಳಿನ ತುದಿಗೆ ಬಂದಿದೆ. ಬೆರಳು ಕೆಳಗಿನ ಬಟನ್‌ನಿಂದ ಎದ್ದು ಮುಂದಿನ ಬಟನ್ ಮೇಲೆ ಕೂತರೆ ಮೂಲೆ ತಪ್ಪುತ್ತದೆ, ಬರೀ ಪಂಚ್ ಬೀಳುತ್ತದೆ. ಸ್ವಲ್ಪ ಮೇಲೆ ಜಾರಿತೋ, ರ‍್ಯೂ ಸುಮ್ನೆ ಜಿಗಿಯುತ್ತಾನೆ. ನಿಂಟೆಂಡೊ ಸ್ವಿಚ್ ಕನ್ಸೋಲ್‌ನ ಎಡಗೈ ಕಂಟ್ರೋಲರ್ ಆದ ಜಾಯ್‌ಕಾನ್‌ನಲ್ಲಿ ನಾಲ್ಕು ಬಿಡಿ ಬಟನ್ ಇರುವುದರಿಂದ ಇದು ಇನ್ನೂ ಜಾಸ್ತಿ. ಬೆರಳು ಎತ್ತದೆ ಒತ್ತಿಕೊಂಡೇ ಉರುಳಿಸಿ, ಪಂಚ್ ಅನ್ನು ‘ಮುಂದೆ’ ಜೊತೆಗೇ ಒತ್ತಿ. ಟ್ರೇನಿಂಗ್ ಮೋಡ್‌ನಲ್ಲಿ ನಿಧಾನವಾಗಿ ಶುರು ಮಾಡಿ, ಎರಡೂ ದಿಕ್ಕಿಗೆ ಮುಖ ಮಾಡಿ ಕಲಿಯಿರಿ. ಮಣಿಕಟ್ಟಿನ ಆಟವೇ ಬೇಕೆಂದರೆ ಅಂಗಡಿ ಮಷೀನಿನಂಥ ಜಾಯ್‌ಸ್ಟಿಕ್ ಇರುವ ಆರ್ಕೇಡ್ ಸ್ಟಿಕ್ ಕೊಳ್ಳಬೇಕು. ನಮ್ಮ ಕಡೆ ಅದನ್ನು ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ. ನಿಮ್ಮ ಕನ್ಸೋಲ್‌ಗೆ ಹೊಂದುತ್ತದೆಯೇ ಅಂತ ನೋಡಿಯೇ ತರಿಸಿ.

ಚಿತ್ರದ ಅಳತೆಯನ್ನೂ ಸರಿ ಮಾಡಿಕೊಳ್ಳಿ. ಈ ಗೇಮ್‌ಗಳು 4:3 ಪರದೆಗೆ ಮಾಡಿದವು. ಅಗಲ ಟಿವಿ ತುಂಬ ಎಳೆದರೆ ರ‍್ಯೂ ದಪ್ಪಗಾಗುತ್ತಾನೆ, ಎದುರಾಳಿ ಎಷ್ಟು ದೂರ ಇದ್ದಾನೆ ಅನ್ನುವ ಹಳೇ ಅಂದಾಜು ಕೆಡುತ್ತದೆ. ಎರಡೂ ಬದಿ ಕಪ್ಪು ಜಾಗ ಇರಲಿ ಬಿಡಿ.

ಇನ್ನೊಂದು ವಿಷಯ ಇದೆ, ಬಹಳ ಮಂದಿಗೆ ಇದು ಗೊತ್ತಿಲ್ಲ. ನಿಮ್ಮ ನೆನಪಿನ ರ‍್ಯೂ ಗಾಳಿಯಲ್ಲಿದ್ದೇ ಹಡೋಕೆನ್ ಬಿಡುತ್ತಿದ್ದನೇ? ಸ್ಟಾರ್ಟ್ ಒತ್ತಿದರೆ ಆಟದ ನಡುವೆಯೇ ನೀವು ಹಿಡಿದ ಪಾತ್ರ ಬದಲಾಗುತ್ತಿತ್ತೇ? ಹಾಗಿದ್ದರೆ ನೀವು ಆಡಿದ್ದು ಈ ಗೇಮ್ ಮಾಡಿದ ಕ್ಯಾಪ್‌ಕಾಮ್ ಕಂಪನಿಯ ಅಸಲಿ ಗೇಮ್ ಅಲ್ಲ. 1991ರ ಸ್ಟ್ರೀಟ್ ಫೈಟರ್ 2 ಗೆದ್ದ ಮೇಲೆ 1992ರಲ್ಲಿ ಚಾಂಪಿಯನ್ ಎಡಿಷನ್ ಬಂತು. ಅದನ್ನು ಬೇರೆಯವರು ತಿದ್ದಿ ‘ರೇನ್‌ಬೋ ಎಡಿಷನ್’ ಥರದ ಕಳ್ಳ ಬೋರ್ಡ್‌ಗಳನ್ನು ಊರೂರಿಗೆ ಹರಿಯಬಿಟ್ಟರು. ಆ ಬೋರ್ಡ್‌ಗಳ ವೇಗಕ್ಕೆ ಜನ ಮರುಳಾದದ್ದನ್ನು ನೋಡಿಯೇ ಕ್ಯಾಪ್‌ಕಾಮ್ ಅದೇ ವರ್ಷದ ಕೊನೆಗೆ ಹೈಪರ್ ಫೈಟಿಂಗ್ ಎಂಬ ವೇಗದ ಆವೃತ್ತಿ ತಂದಿತು. ಅಸಲಿ ಕಲೆಕ್ಷನ್‌ಗಳಲ್ಲಿ ರೇನ್‌ಬೋ ಸಿಗುವುದಿಲ್ಲ. ಆ ವೇಗದ ನೆನಪಿಗೆ ಹತ್ತಿರ ಇರುವುದು ಹೈಪರ್ ಫೈಟಿಂಗ್, ನೀವು ಅದರಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. 2018ರ ಸ್ಟ್ರೀಟ್ ಫೈಟರ್ 30ನೇ ವಾರ್ಷಿಕೋತ್ಸವದ ಕಲೆಕ್ಷನ್‌ನಲ್ಲಿ ಅದೂ ಸೇರಿ 12 ಗೇಮ್ ಇವೆ. ಕಂಪ್ಯೂಟರ್ ವಿರುದ್ಧ ಕಷ್ಟವಾದರೆ ಅದರ ಮಟ್ಟ ಇಳಿಸಿಕೊಳ್ಳಿ. ಅಂಗಡಿಯವರ ಬೋರ್ಡಿನಲ್ಲೂ ಇದಕ್ಕೆ ಪುಟ್ಟ ಸ್ವಿಚ್ಚುಗಳಿದ್ದವು, ಎಷ್ಟು ಕಷ್ಟ ಇಡಬೇಕು ಅನ್ನುವುದು ಮಾಲೀಕರ ಕೈಯಲ್ಲಿತ್ತು.

ಆದರೆ ಕಂಪ್ಯೂಟರ್ ವಿರುದ್ಧ ಮಾತ್ರ ಆಡುತ್ತಾ ಕೂರಬೇಡಿ. ಈ ಗೇಮ್ ಇಬ್ಬರು ಪಕ್ಕಪಕ್ಕ ಕೂತು ಆಡುವುದಕ್ಕೇ ಹುಟ್ಟಿದ್ದು. ಅಂಗಡಿಯಲ್ಲಿ ಮುಂದಿನವನ ಕಾಯಿನ್ ಮಷೀನಿನ ಅಂಚಿನ ಮೇಲೆ ಆಗಲೇ ಕಾಯುತ್ತಿರುತ್ತಿತ್ತು, ಸೋತವನು ಜಾಗ ಬಿಡಲೇಬೇಕಿತ್ತು, ಅಲ್ವಾ? ಆ ಬಿಸಿ ಬರುವುದು ಎದುರಿಗೆ ಮನುಷ್ಯ ಇದ್ದಾಗ ಮಾತ್ರ. ಮಗನಿಗೆ ಮೂಲೆಯ ಚಲನೆ ಬರದಿದ್ದರೆ 2022ರ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ ನೋಡಿ. ಅದರಲ್ಲಿ ವಿಶೇಷ ಹೊಡೆತವನ್ನು ಒಂದೇ ಬಟನ್‌ಗೆ ಕೊಡಬಹುದು. ಅವನು ಅದರಲ್ಲಿ ಆಡಲಿ, ನೀವು ಪೂರ್ತಿ ಚಲನೆ ಮಾಡಿ ಆಡಿ.